ಬನದ ಗೇಟಿಗೆ ಬೀಗ

ಸಕಲೇಶಪುರ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ನಮ್ಮದು ಐಗೂರು ಪಾಳೇಗಾರರ ಕಾಲದಿಂದ ಪಟೇಲಿಕೆ ಮಾಡಿಕೊಂಡು ಬಂದ ಮನೆ. ಸಾಲ ತೀರಿಸಲು 2002ರಲ್ಲಿ ಕಾಫಿ ತೋಟ ಮಾರಿದೆವು. ಕೊಂಡವರು ಈಗ ತೋಟದೊಳಗಿನ ಚೌಡಿ ಬನಕ್ಕೆ, ಅಂದರೆ ಚೌಡಿ ದೇವಿಯ ಮರಗಳ ಗುಂಪಿಗೆ, ಗೇಟ್ ಹಾಕಿ ಬೀಗ ಜಡಿದಿದ್ದಾರೆ. ಊರ ಸುಗ್ಗಿ ಹಬ್ಬದಲ್ಲಿ ನಮ್ಮ ಮನೆಗೆ ಕೊಡುತ್ತಿದ್ದ ಮೊದಲ ಪ್ರಸಾದವೂ ಅವರಿಗೇ ಬೇಕಂತೆ. ಅಣ್ಣ ಅವರ ಮುಖ ನೋಡುವುದಿಲ್ಲ. ನ್ಯಾಯ ಯಾರ ಕಡೆ?"

ಅಮ್ಮ, ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ನಿಮ್ಮ ಅಣ್ಣ ಬೇಲಿ ಪಕ್ಕ ನಿಂತು, ಬೆಳ್ಳಗೆ ಅರಳಿದ ತೋಟ ನೋಡಿ, ಯಾರ ಹತ್ತಿರವೂ ಮಾತಾಡದೆ ಮನೆಗೆ ಬರುತ್ತಾರೆ ಅಂತ ಬರೆದಿದ್ದೀರಲ್ಲ, ಅಲ್ಲಿ ನನಗೆ ಗಂಟಲು ಉಬ್ಬಿ ಬಂತು.

ಆದರೂ, ಮೋಸದಿಂದ ಕೊಂಡರು ಅನ್ನುವ ಅಣ್ಣನ ಮಾತನ್ನು ನಾನು ಒಪ್ಪಲಾರೆ. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಬೆಳೆ ಜಾಸ್ತಿಯಾಗಿ ಆಗ ಕಾಫಿ ಬೆಲೆ ಪಾತಾಳಕ್ಕೆ ಇಳಿದಿತ್ತು. ಮಾರಿದವರು ನೀವೊಬ್ಬರೇ ಅಲ್ಲ. ತೋಟ ಕೊಂಡಾತ "ನಿನ್ನೆ ಬಂದವನು" ಅನ್ನುವುದೂ ಬೇಡ. ಈ ನೆಲ ಹಿಂದೆಯೂ ಕೈ ಬದಲಿಸಿದೆ. ಐಗೂರಿನ ಪಾಳೇಗಾರ ವೆಂಕಟಾದ್ರಿ ನಾಯಕನನ್ನೇ ಈಸ್ಟ್ ಇಂಡಿಯಾ ಕಂಪನಿಯವರು 1802ರಲ್ಲಿ ಗಲ್ಲಿಗೇರಿಸಿದರು. ಆಮೇಲೆ ಬಿಳಿ ದೊರೆಗಳು ಬಂದು ಈ ಸೀಮೆಯಲ್ಲಿ ಕಾಫಿ ಹಾಕಿದರು. ನಿಮ್ಮ ತೋಟದ ಹಳೇ ಗಿಡ ಯಾರು ನೆಟ್ಟಿದ್ದು ಅಂತ ಹಿರಿಯರನ್ನು ಕೇಳಿ ನೋಡಿ.

ಪ್ರಸಾದದ ವಿಷಯ ಬೇರೆ. ವಂಶದ ಪಟೇಲಿಕೆಯನ್ನು ಸರ್ಕಾರ 1963ರಲ್ಲೇ ತೆಗೆದುಹಾಕಿತು. ಆಮೇಲೂ ನಿಮ್ಮ ಅಜ್ಜನನ್ನು ಮುಂದೆ ನಿಲ್ಲಿಸಿದ್ದು ಊರು, ಸರ್ಕಾರ ಅಲ್ಲ. ಕ್ರಯಪತ್ರದಲ್ಲಿ ಆ ಮರ್ಯಾದೆಯನ್ನು ನೀವು ಮಾರಿಲ್ಲ, ಅವರು ಕೊಂಡಿಲ್ಲ. ಊರಿನವರೇ ತೀರ್ಮಾನ ಮಾಡಲಿ. ಅವರು ಇನ್ನೊಬ್ಬರನ್ನು ಕರೆದರೆ ಅಣ್ಣ ಮುನಿಸಿಕೊಳ್ಳಬಾರದು.

ಬೀಗ ಹಾಕಿದ್ದು ಮಾತ್ರ ತಪ್ಪು. ಖಂಡಿತ ತಪ್ಪು. ಆ ಬನದಲ್ಲಿ ಲೈನ್ ಮನೆಯಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಯಲ್ಲಿ, ಇರುವ ಆಳುಗಳೂ ಹಣ್ಣುಕಾಯಿ ಇಡುತ್ತಿದ್ದರು ಅಂತ ನೀವೇ ಬರೆದಿದ್ದೀರಿ. 20 ವರ್ಷ ತಡೆಯಿಲ್ಲದೆ, ಯಾರ ಅಪ್ಪಣೆಯನ್ನೂ ಕೇಳದೆ ಹಕ್ಕಿನಿಂದ ಓಡಾಡಿದ ದಾರಿಗೆ ಕಾನೂನಿನ ಬಲ ಸಿಗಬಹುದು. ಆದರೆ ಮುಚ್ಚಿದ 2 ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ಒಬ್ಬ ವಕೀಲರನ್ನು ಈಗಲೇ ಕೇಳಿಡಿ.

ಅದಕ್ಕೂ ಮೊದಲು ಅಣ್ಣನನ್ನು ಕರಕೊಂಡು ಆ ಮನೆಗೆ ಹೋಗಿ. ತೋಟದ ಯಾವ ಮೂಲೆಯಲ್ಲಿ ಕಾಂಡಕೊರಕ ಹುಳು ಜಾಸ್ತಿ, ಯಾವ ಕೆರೆ ಏಪ್ರಿಲ್‌ನಲ್ಲೂ ಬತ್ತಲ್ಲ ಅಂತ ಅಣ್ಣನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಲ್ಲಿಂದಲೇ ಮಾತು ಶುರುವಾಗಲಿ. ಕಾಫಿ ಕುಡಿದು ಏಳುವಾಗ ಬನದ ಗೇಟಿಗೆ ಇನ್ನೊಂದು ಬೀಗದಕೈ ಕೇಳಿ. ಕೊಟ್ಟರೂ ಕೊಡದಿದ್ದರೂ ನನಗೆ ಬರೆಯಿರಿ.

– ಸಂ.