ಹನ್ನೆರಡು ದಿನದಿಂದ ಅಲಮಾರಿ ಮೇಲಿರುವ ಗುಳಿಗೆ

ಭಾಲ್ಕಿ ತಾಲ್ಲೂಕಿನ ಸಹೋದರಿಯೊಬ್ಬರು ಎರಡು ಹಾಳೆ ತುಂಬ ಬರೆದಿದ್ದಾರೆ. ಆಟೊ ಓಡಿಸುವ ಗಂಡನಿಗೆ ಟಿಬಿ. ಎರಡು ತಿಂಗಳು ಸರಕಾರಿ ಗುಳಿಗೆ ನುಂಗಿದ ಮೇಲೆ ಕೆಮ್ಮು ನಿಂತಿದೆ, ದುಡಿಯುವ ಕಸುವು ಮಾತ್ರ ಬಂದಿಲ್ಲ. ಆಟೊದ ಕಂತು ಬಾಕಿ, ಮಗಳ ಶಾಲೆ ಫೀ ಬಾಕಿ. ಪ್ರತಿ ಶುಕ್ರವಾರ ಮನೆಮಂದಿಯೆಲ್ಲ ಉಪವಾಸ ಪ್ರಾರ್ಥನೆ ಮಾಡುತ್ತಾರೆ. ‘ಇಷ್ಟು ಕರೆದರೂ ಕರ್ತ ಸುಮ್ಮನಿದ್ದಾನ. ನಮ್ಮ ವಿಶ್ವಾಸನೇ ಕಮ್ಮಿ ಏನ್ರಿ?’ ಎಂದು ಕೇಳಿದ್ದಾರೆ.

ಸಹೋದರಿ, ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಎರಡನೇ ಹಾಳೆಯ ಕೊನೆಗೆ, ಫೀ ವಿಷಯಕ್ಕೂ ಸಹಿಗೂ ನಡುವೆ, ಒಂದು ಸಾಲು ತುರುಕಿದ್ದೀರಿ: ‘ಅವರ ಅಕ್ಕ ಹೇಳಿದ್ದಕ್ಕ ಗುಳಿಗಿ ಅಲಮಾರಿ ಮ್ಯಾಲ ಇಟ್ಟೀವ್ರಿ, ಹನ್ನೆರಡು ದಿನ ಆತು.’ ನೀವು ಬರೆಯಬೇಕಾಗಿದ್ದ ಪತ್ರ ಇದೊಂದೇ ಸಾಲು.

ಸಾಮಾನ್ಯ ಟಿಬಿಗೆ ಆರು ತಿಂಗಳ ಔಷಧ. ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲಿನ ನಾಲ್ಕು ತಿಂಗಳು ಮೂರು. ಬೇಗ ಬೆಳೆಯುವ ಕ್ರಿಮಿಗಳು ಮೊದಲು ಸಾಯುತ್ತವೆ. ಕೆಮ್ಮು ಇಳಿಯುತ್ತದೆ, ಹಸಿವಾಗುತ್ತದೆ. ವಾಸಿಯಾಯಿತು ಅನ್ನಿಸುವುದು ಇಲ್ಲೇ, ಗುಳಿಗೆ ಬಿಡುವುದೂ ಇಲ್ಲೇ. ನಿಧಾನದ ಕ್ರಿಮಿಗಳು ಇನ್ನೂ ಶ್ವಾಸಕೋಶದಲ್ಲಿ ಅಡಗಿರುತ್ತವೆ. ಬಿಟ್ಟು ಬಿಟ್ಟು ನುಂಗಿದರೆ ಅವು ಔಷಧಕ್ಕೆ ಬಗ್ಗದ ಹಾಗೆ ಆಗುತ್ತವೆ, ಆಮೇಲೆ ಚಿಕಿತ್ಸೆ ಇದಕ್ಕಿಂತ ಕಠಿಣ. ಮೂತ್ರ ಕೆಂಪಾದದ್ದು ನೋಡಿ ‘ಗುಳಿಗಿ ರಕ್ತ ಸುಡ್ತಾವ’ ಅಂದರಂತೆ ಆ ಅಕ್ಕ. ಅದು ರಿಫಾಂಪಿಸಿನ್ ಎಂಬ ಔಷಧದ ಬಣ್ಣ, ರಕ್ತವಲ್ಲ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅದೇ ದಿನ ವೈದ್ಯರಲ್ಲಿಗೆ ಓಡಬೇಕು. ಅದು ಬೇರೆ ಮಾತು.

ನಿಮ್ಮ ಗಂಡನ ಮೇಲೆ ನನಗೆ ಸಿಟ್ಟಿಲ್ಲ. ದಿನಾ ಗುಳಿಗೆ ನುಂಗಿ ಬೇಸತ್ತವನಿಗೆ ‘ಬಿಡು’ ಅಂದರೆ ಬಿಟ್ಟೇಬಿಡುತ್ತಾನೆ. ಸಿಟ್ಟು, ಗುಳಿಗೆ ನುಂಗುವುದೇ ಅವಿಶ್ವಾಸ ಎಂದ ಅಕ್ಕನ ಮೇಲೆ. ತನ್ನ ಬಿಪಿ ಗುಳಿಗೆಯನ್ನು ಆಕೆ ಒಂದು ದಿನವೂ ತಪ್ಪಿಸುವುದಿಲ್ಲ ಎಂದು ನೀವೇ ಬರೆದಿದ್ದೀರಿ. ತಮ್ಮನ ಗುಳಿಗೆಗೆ ಮಾತ್ರ ಅವಿಶ್ವಾಸದ ಹೆಸರೇ?

ಆ ಅಕ್ಕನ ಕೈಗೆ ಬೈಬಲಿನ ಅಪೊಸ್ತಲರ ಕೃತ್ಯಗಳ 27ನೇ ಅಧ್ಯಾಯ ಕೊಡಿ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ, ಕೈದಿಯಾಗಿ ಹೊರಟಿದ್ದ ಅಪೊಸ್ತಲ ಪೌಲನೂ ಸೇರಿ 276 ಜನ. ರಾತ್ರಿ ದೇವದೂತ ಬಂದು ಅಭಯ ಕೊಟ್ಟಿದ್ದಾನೆ. ಹಡಗು ಹೋಗುತ್ತದೆ, ಒಂದು ಜೀವವೂ ಹೋಗುವುದಿಲ್ಲ ಎಂದು ಪೌಲ ಎಲ್ಲರಿಗೂ ಹೇಳಿದ್ದಾನೆ. ಹಾಗಂತ ಕೈಕಟ್ಟಿ ಕೂತನೇ? ನಾವಿಕರು ಲಂಗರು ಇಳಿಸುವ ನೆಪದಲ್ಲಿ ಸಣ್ಣ ದೋಣಿ ಹತ್ತಿ ಪರಾರಿಯಾಗಲು ನೋಡಿದಾಗ, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕುವುದಿಲ್ಲ ಎಂದು ಕಾವಲಿನ ರೋಮನ್ ಸೇನಾಧಿಕಾರಿಗೆ, ಅಂದರೆ ಶತಾಧಿಪತಿಗೆ, ಎಚ್ಚರಿಸಿದ. ಹದಿನಾಲ್ಕು ದಿನದಿಂದ ಊಟ ಬಿಟ್ಟವರಿಗೆ ಉಣ್ಣಿರಿ ಅಂದ. ರೊಟ್ಟಿ ಹಿಡಿದು ಸ್ತೋತ್ರ ಮಾಡಿ, ಮುರಿದು, ತಾನೇ ಮೊದಲು ತಿಂದ. ಹಡಗು ಒಡೆದೇಹೋಯಿತು. ಈಜು ಬಲ್ಲವರು ಈಜಿದರು, ಉಳಿದವರು ಹಲಗೆ ಹಿಡಿದರು, ಎಲ್ಲರೂ ದಡ ಮುಟ್ಟಿದರು. ಇದನ್ನು ಬರೆದವನು ಲೂಕ ಎಂಬುದು ಕ್ರೈಸ್ತ ಸಭೆಯ ಪರಂಪರೆ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಅವನನ್ನು ವೈದ್ಯ ಎಂದೇ ಕರೆದಿದೆ.

ಈಗ ನಿಮ್ಮ ಪ್ರಶ್ನೆ. ದೇವರು ಸುಮ್ಮನಿದ್ದಾನೆ ಎಂದು ಅಳುವುದು ಅವಿಶ್ವಾಸವಲ್ಲ; ಬೈಬಲಿನ 88ನೇ ಕೀರ್ತನೆ ಕತ್ತಲೆ ಎಂಬಲ್ಲಿಗೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ. ಆತನು ಜೊತೆಗಿದ್ದಾನೆಂದರೆ ಆಟೊ ಉಳಿದೇ ಉಳಿಯುತ್ತದೆ ಎಂದು ನಾನು ಹೇಳಲಾರೆ. ಕಂತು ತಪ್ಪಿ ಅದು ಹೋದರೂ ಹೋಗಬಹುದು. ನಿಮ್ಮ ಗಂಡ ಹಿಡಿಯಬೇಕಾದ ಹಲಗೆ ಅಲಮಾರಿ ಮೇಲಿದೆ.

ನಾಳೆ ಬೆಳಿಗ್ಗೆ ಅದನ್ನು ಇಳಿಸಿ, ಅವರನ್ನೂ ಮಗಳನ್ನೂ ಕರೆದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಿ. ಹನ್ನೆರಡು ದಿನ ತಪ್ಪಿದೆ ಎಂದು ಇದ್ದದ್ದು ಇದ್ದಹಾಗೆ ಹೇಳಿ. ತಪ್ಪಿದ್ದನ್ನು ತುಂಬಿಸಲು ಮನೆಯಲ್ಲೇ ಎರಡರಷ್ಟು ನುಂಗಿಸಬೇಡಿ. ಮುಂದೇನು ಎಂದು ವೈದ್ಯರು ಹೇಳಲಿ. ಕಫ ಪರೀಕ್ಷೆ ಕೇಳಿದರೆ ಕೊಡಿ, ಮಗಳ ತಪಾಸಣೆಯನ್ನೂ ಮಾಡಿಸಿ. ಟಿಬಿ ರೋಗಿಗಳ ಆಹಾರಕ್ಕೆಂದು ಸರಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ತಿಂಗಳ 1000 ರೂಪಾಯಿ ಖಾತೆಗೆ ಬೀಳುತ್ತಿದೆಯೇ ಎಂದು ಅಲ್ಲೇ ವಿಚಾರಿಸಿ.

ಶುಕ್ರವಾರದ ಪ್ರಾರ್ಥನೆ ನಡೆಯಲಿ. ಉಪವಾಸ ಬೇಕಾದರೆ ಅಕ್ಕ ಮಾಡಲಿ. ನಿಮ್ಮ ಗಂಡನ ತಾಟಿಗೆ ಎರಡು ಜೋಳದ ರೊಟ್ಟಿ, ಬೇಳೆ, ಒಂದು ಮೊಟ್ಟೆ.