ಅಕ್ಕನಿಗೊಂದು ಪತ್ರ: ಲಾಕ್‌ಡೌನ್ ಕಾಲದ ಮೂರು ಪ್ರಶ್ನೆಗಳು

ಮೇ 2020ರ ಈ ಕಂತಿಗೆ ಬಂದ ಪತ್ರಗಳಲ್ಲಿ ಕೂದಲು, ಮೊಡವೆ, ಉಪ್ಪಿನಕಾಯಿ ಒಂದೂ ಇಲ್ಲ. ಎಲ್ಲವೂ ಬಾಗಿಲು ಹಾಕಿಕೊಂಡ ಮನೆಯೊಳಗಿನವು. ಮೂರು ಆರಿಸಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮವರು ಆಟೋ ಓಡಿಸುತ್ತಾರೆ. ಎರಡು ತಿಂಗಳಿಂದ ಆಟೋ ಮನೆ ಮುಂದೆ ನಿಂತಿದೆ. ಎರಡು ಕೋಣೆ, ಆರು ಜನ, ಮೇಲೆ ಈ ಬಿಸಿಲು. ಅವರು ಇಡೀ ದಿನ ಫ್ಯಾನಿನ ಕೆಳಗೆ ಮಲಗಿರುತ್ತಾರೆ, ಮಾತಿಲ್ಲ, ಕೇಳಿದರೆ ರೇಗುತ್ತಾರೆ. ನನಗೋ ಎರಡು ಹೊತ್ತು ರೊಟ್ಟಿ ಬಡಿದು ಬಡಿದು ಸಾಕಾಗಿದೆ.
– ಓದುಗಿ, ಕಲಬುರಗಿ

ಉತ್ತರ: ತಂಗಿ, ಮೊದಲು ರೊಟ್ಟಿ ವಿಷಯ ಮುಗಿಸೋಣ, ಅದು ನಾಳೆಯೇ ಬಗೆಹರಿಯುವಂಥದ್ದು. ದಿನಾ ಎರಡು ಹೊತ್ತು ಯಾಕೆ? ನಸುಕಿನಲ್ಲಿ ತಂಪಿರುವಾಗ ಒಮ್ಮೆಗೇ ನಾಲ್ಕೈದು ದಿನಕ್ಕಾಗುವಷ್ಟು ಬಡಿದು ಖಡಕ್ ಮಾಡಿ ಇಟ್ಟುಬಿಡಿ. ಶೇಂಗಾ ಹಿಂಡಿ, ಮೊಸರು, ಒಂದು ಹಸಿ ಉಳ್ಳಾಗಡ್ಡಿ ಇದ್ದರೆ ರಾತ್ರಿ ಒಲೆ ಹಚ್ಚುವ ಕೆಲಸವೇ ಇಲ್ಲ. ನೀರು ತುಂಬುವುದು, ಪಾತ್ರೆ ತೊಳೆಯುವುದು ಮನೆಯಲ್ಲಿರುವ ದೊಡ್ಡವರಿಗೆಲ್ಲ ಬರುತ್ತದೆ, ಯಾರ ಕೈಯೂ ಸವೆಯುವುದಿಲ್ಲ.

ಇನ್ನು ನಿಮ್ಮವರು. ಆ ಸಿಟ್ಟು ನಿಮ್ಮ ಮೇಲಿನದ್ದಲ್ಲ ಅಂತ ನನಗನಿಸುತ್ತದೆ. ದಿನಾ ಸಂಜೆ ಜೇಬಿನಿಂದ ನೋಟು ತೆಗೆದು ನಿಮ್ಮ ಕೈಗೆ ಕೊಡುತ್ತಿದ್ದ ಮನುಷ್ಯ ಈಗ ಚಹಾಪುಡಿ ಮುಗಿದಿದೆ ಅಂದರೂ ಗೋಡೆ ನೋಡಬೇಕು. ಹಾಗಂತ ರೇಗುವುದು ಸರಿ ಅಂತ ನಾನು ಹೇಳುತ್ತಿಲ್ಲ. ಕೈ ಎತ್ತಿದರಂತೂ ಮಾತೇ ಬೇರೆ, ಆಗ ಯೋಚನೆ ಮಾಡದೆ 181ಕ್ಕೆ ಫೋನ್ ಮಾಡಿ.

ರಾತ್ರಿ ಮಾಳಿಗೆ ಮೇಲೆ ಮಲಗುತ್ತೀರಲ್ವಾ? ಮಕ್ಕಳಿಗೆ ನಿದ್ದೆ ಹತ್ತಿದ ಮೇಲೆ ಮಾತು ತೆಗೆಯಿರಿ. ‘ಯಾಕೆ ಹೀಗಿದ್ದೀರಿ’ ಅಂತ ಮಾತ್ರ ಕೇಳಬೇಡಿ, ಅದಕ್ಕೆ ಯಾವ ಗಂಡಸೂ ನೆಟ್ಟಗೆ ಉತ್ತರ ಕೊಟ್ಟಿದ್ದು ನಾನು ನೋಡಿಲ್ಲ. ಲೆಕ್ಕದಿಂದ ಶುರು ಮಾಡಿ. ಜೋಳ ಎಷ್ಟಿದೆ, ತೊಗರಿಬೇಳೆ ಎಷ್ಟಿದೆ, ಬಾಡಿಗೆ ಎಷ್ಟು ಬಾಕಿ, ಆಟೋ ಸಾಲದ ಕಂತಿಗೆ ಏನು ಮಾಡುವುದು. ಮಾರ್ಚ್‌ನಿಂದ ಮೇವರೆಗಿನ ಕಂತಿಗೆ ಬಿಡುವು ಕೊಡಲು ರಿಸರ್ವ್ ಬ್ಯಾಂಕ್ ಅನುಮತಿ ಕೊಟ್ಟಿದೆ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ, ಅದು ಮನ್ನಾ ಅಲ್ಲ. ಆಟೋ, ಟ್ಯಾಕ್ಸಿ ಚಾಲಕರಿಗೆ ರಾಜ್ಯ ಸರ್ಕಾರ ಮೇ 6ರಂದು 5,000 ರೂಪಾಯಿ ಘೋಷಿಸಿದೆ, ಅರ್ಜಿ ಸೇವಾ ಸಿಂಧುವಿನಲ್ಲಿ. ಲೈಸೆನ್ಸು, ಆಧಾರ್ ಹುಡುಕಿ ಅರ್ಜಿ ಹಾಕುವ ಕೆಲಸ ಅವರಿಗೇ ಬಿಡಿ. ನಿಮಗೆ ಬೇಗ ಆಗುತ್ತದೆ, ಗೊತ್ತು. ಆದರೂ ಬಿಡಿ.

ಪ್ರಶ್ನೆ: ಮುಂಬೈನಲ್ಲಿ ಕಟ್ಟಡ ಕೆಲಸಕ್ಕಿದ್ದೆ. ಊರಿಗೆ ಬಂದ ಕೂಡಲೇ ನಮ್ಮನ್ನು ಶಾಲೆಯಲ್ಲಿ ಕ್ವಾರಂಟೈನ್ ಮಾಡಿದ್ದಾರೆ. ಅವ್ವ ಗೇಟಿನ ಹತ್ತಿರ ಬುತ್ತಿ ಇಟ್ಟು ಹೋಗುತ್ತಾಳೆ. ಜೊತೆಗೆ ಆಡಿದವರೇ ದೂರದಿಂದ ‘ಇವನ್ಯಾಕೆ ಬಂದ’ ಅಂತಾರೆ.
– ಹೆಸರು ಬೇಡ, ಯಾದಗಿರಿ ಜಿಲ್ಲೆ

ಉತ್ತರ: ತಮ್ಮಾ, ನಿಮ್ಮ ಊರಿನವರಿಗೆ ಮಾರ್ಚ್ ತಿಂಗಳು ಮರೆತುಹೋಗಿದೆ. ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು, ಎರಡು ದಿನದ ಮೇಲೆ ಅದು ದೇಶದ ಮೊದಲ ಕೊರೊನಾ ಸಾವು ಅಂತ ಗೊತ್ತಾಯಿತು. ಆ ವಾರ ಬೆಂಗಳೂರಿನ ಪಿಜಿಯೊಂದರಲ್ಲಿದ್ದ ನನ್ನ ತಂಗಿ ಮಗನಿಗೆ, ಆರು ತಿಂಗಳಿಂದ ಊರ ಕಡೆ ಮುಖ ಹಾಕದ ಹುಡುಗನಿಗೆ, ‘ನಿಮ್ಮದು ಕಲಬುರಗಿ ಅಲ್ವಾ, ಸ್ವಲ್ಪ ದಿನ ಬೇರೆ ಕಡೆ ಇರಿ’ ಅಂದಿದ್ದರು. ಅವತ್ತು ನಾವೆಲ್ಲ ಎಷ್ಟು ಉರಿದುಬಿದ್ದಿದ್ದೆವು! ಈಗ ಅದೇ ಮಾತನ್ನು ನಮ್ಮವರೇ ನಿಮಗೆ ಹೇಳುತ್ತಿದ್ದಾರೆ. ನನಗೆ ನಾಚಿಕೆಯಾಗುತ್ತದೆ.

ಅವಧಿ ಮುಗಿದು ಪರೀಕ್ಷೆಯ ವರದಿ ಬಂದ ಮೇಲೆ ಆಶಾ ಕಾರ್ಯಕರ್ತೆಗೆ ಹೇಳಿ, ಓಣಿಯಲ್ಲಿ ನಾಲ್ಕು ಜನರ ಮುಂದೆ ಅವರೇ ಆ ಮಾತು ಹೇಳಲಿ. ನೀವು ಹೇಳುವುದಕ್ಕೂ ಅವರು ಹೇಳುವುದಕ್ಕೂ ಫರಕು ಇದೆ. ಆಮೇಲೆ ಪಂಚಾಯಿತಿಗೆ ಹೋಗಿ ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಮಾಡಿಸಿ, ಈ ವರ್ಷ ದಿನಕ್ಕೆ 275 ರೂಪಾಯಿ ಕೂಲಿ ಇದೆ. ಮುಂಬೈ ಕೂಲಿಗೆ ಇದು ಸಾಟಿಯಲ್ಲ, ಗೊತ್ತು. ಆದರೆ ಕೆರೆ ಹೂಳು ಎತ್ತುವಾಗ ಪಕ್ಕದಲ್ಲಿ ಬುಟ್ಟಿ ಹೊರುವವನು ಎಷ್ಟು ದಿನ ಮಾತು ಬಿಟ್ಟಿರುತ್ತಾನೆ? ಸದ್ಯಕ್ಕೆ ಆ ಶಾಲೆ ಅಂಗಳದಲ್ಲಿ ಒಣಗುತ್ತಿರುವ ಗಿಡಗಳಿದ್ದರೆ ಸಂಜೆ ನೀರು ಹಾಕಿ. ಹೊತ್ತೂ ಹೋಗುತ್ತದೆ.

ಪ್ರಶ್ನೆ: ನಾನು ನಿವೃತ್ತ ಮಾಸ್ತರ. ದಿನಾ ಬೆಳಿಗ್ಗೆ ಕೋಟೆ ಕಡೆ ವಾಕಿಂಗ್ ಹೋಗುತ್ತಿದ್ದೆ, ಅದು ನಿಂತಿದೆ. ರಾತ್ರಿ ಹನ್ನೆರಡರ ತನಕ ಟಿವಿ ಸುದ್ದಿ ನೋಡುತ್ತೇನೆ, ಆಮೇಲೆ ನಿದ್ದೆ ಇಲ್ಲ. ಮಗ ಬೈಯುತ್ತಾನೆ.
– ಓದುಗ, ಬೀದರ್

ಉತ್ತರ: ಸರ್, ನಾನು ನಿಮ್ಮ ಮಗನ ಕಡೆ. ಆರೋಗ್ಯ ಇಲಾಖೆಯ ಬುಲೆಟಿನ್ ಸಂಜೆಯೇ ಬಂದಿರುತ್ತದೆ, ಆಮೇಲೆ ಹನ್ನೆರಡರ ತನಕ ಅದನ್ನೇ ಕೂಗಿ ಕೂಗಿ ಹೇಳುತ್ತಾರೆ ಅಷ್ಟೇ. ಒಮ್ಮೆ ನೋಡಿ, ಆರಿಸಿ. ವಾಕಿಂಗ್ ಮಾಳಿಗೆ ಮೇಲೆಯೇ ಆಗಲಿ, ಬಿಸಿಲು ಏರುವ ಮುಂಚೆ. ಎದೆ ಡವಡವ ಅನ್ನುವುದು, ಊಟ ಸೇರದಿರುವುದು ಇದ್ದರೆ ನಿಮ್ಹಾನ್ಸ್‌ನ ಸಹಾಯವಾಣಿ 080-46110007ಕ್ಕೆ ಮಾತಾಡಿ.

ಇನ್ನೊಂದು. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದೆ ಹೋಗಿ ಮಕ್ಕಳು ಓದಿದ್ದೆಲ್ಲ ಮರೆಯುತ್ತಿದ್ದಾರೆ. ನಿಮ್ಮ ಓಣಿಯ ನಾಲ್ಕು ಮಕ್ಕಳಿಗೆ ಫೋನಿನಲ್ಲೇ ಸಂಜೆ ಒಂದು ತಾಸು ಪಾಠ ಹೇಳಿ. ನಿಮ್ಮ ವಿಷಯ ಯಾವುದು ಅಂತ ಬರೆದೇ ಇಲ್ಲ. ಗಣಿತವಾದರೆ ನನ್ನ ಅಕ್ಕನ ಮೊಮ್ಮಗಳಿಗೂ ಒಂದು ಜಾಗ ಇಡಿ.