ಗ್ಯಾರಂಟಿ ಇರುವುದು ಬ್ಯಾಂಕಿಗೆ, ನಿಮಗಲ್ಲ

ಪ್ರಶ್ನೆ: ಕ್ಯಾಲಿಫೋರ್ನಿಯಾದ ಟುಲೇರಿ ಕೌಂಟಿಯಲ್ಲಿ ಮನೆ ನೋಡಿದ್ದೇವೆ. ಯುಎಸ್‌ಡಿಎ (ಅಮೆರಿಕದ ಕೃಷಿ ಇಲಾಖೆ) ಗ್ಯಾರಂಟಿ ಇರುವ ಗೃಹಸಾಲಕ್ಕೆ ಡೌನ್ ಪೇಮೆಂಟ್ ಬೇಡವಂತೆ. ಕೆಲಸ ಹೋದರೆ ಕಂತನ್ನೂ ಸರ್ಕಾರವೇ ಕಟ್ಟುತ್ತದೆ ಎಂದು ಸ್ನೇಹಿತರೊಬ್ಬರು ಹೇಳಿದರು. ಧೈರ್ಯ ಮಾಡಬಹುದೆ?

ಉತ್ತರ: ಇದಕ್ಕೆ ಎಷ್ಟನೇ ಸಲ ಉತ್ತರಿಸುತ್ತಿದ್ದೇನೋ, ಎಣಿಸುವುದನ್ನೇ ಬಿಟ್ಟಿದ್ದೇನೆ. 2023ರಿಂದೀಚೆಗೆ ಕನ್ನಡಿಗರ ಕಿವಿಗೆ ‘ಗ್ಯಾರಂಟಿ’ ಎಂದರೆ ಗೃಹಲಕ್ಷ್ಮಿ, ಗೃಹಜ್ಯೋತಿ: ಸರ್ಕಾರ ಕೊಡುತ್ತದೆ, ನಾವು ಪಡೆಯುತ್ತೇವೆ. ಇಲ್ಲಿ ಅಮೆರಿಕದ ಕೃಷಿ ಇಲಾಖೆ ಮಾತು ಕೊಟ್ಟಿರುವುದು ಬ್ಯಾಂಕಿಗೆ. ಊರ ಮಾತಲ್ಲಿ ಹೇಳುವುದಾದರೆ ಇಲಾಖೆ ನಿಮಗೆ ಜಾಮೀನು ನಿಂತಿದೆ. ಸೊಸೈಟಿ ಸಾಲಕ್ಕೆ ಜಾಮೀನು ಹಾಕಿದ ದೊಡ್ಡಪ್ಪ, ನೀವು ಕಟ್ಟದೆ ಕೈಯೆತ್ತಿದರೆ ಸುಮ್ಮನಿರುತ್ತಿದ್ದರೇ?

ಆ ಜಾಮೀನಿನ ಶುಲ್ಕ ಕಟ್ಟುವವರೂ ನೀವೇ. 3 ಲಕ್ಷ ಡಾಲರ್ ಸಾಲಕ್ಕೆ ಮೊದಲಿಗೇ ಶೇ 1, ಅಂದರೆ 3,000 ಡಾಲರ್. ಸಾಮಾನ್ಯವಾಗಿ ಅದನ್ನು ಸಾಲಕ್ಕೇ ಸೇರಿಸುತ್ತಾರೆ, ಹಾಗಾಗಿ 30 ವರ್ಷ ಅದಕ್ಕೂ ಬಡ್ಡಿ. ಮೇಲೆ ಬಾಕಿ ಮೊತ್ತಕ್ಕೆ ವರ್ಷಕ್ಕೆ ಶೇ 0.35. ಮೊದಲ ವರ್ಷ ತಿಂಗಳಿಗೆ 87 ಡಾಲರ್ ಆಸುಪಾಸು. ಬಾಕಿ ಇಳಿದಂತೆ ಇಳಿಯುತ್ತದೆ, ಆದರೆ ಸಾಲ ತೀರುವ ತನಕ ಬೆನ್ನು ಬಿಡುವುದಿಲ್ಲ.

ಕಂತು ನಿಂತೇಹೋದರೆ ಬ್ಯಾಂಕು ಮನೆ ಹರಾಜಿಗಿಡುತ್ತದೆ. ಬಂದ ಹಣ ಸಾಲಕ್ಕೆ ಸಾಲದಿದ್ದರೆ ಬ್ಯಾಂಕಿನ ನಷ್ಟವನ್ನು ಇಲಾಖೆ ತುಂಬಿಕೊಡುತ್ತದೆ, ಹೆಚ್ಚೆಂದರೆ ಮೂಲ ಸಾಲದ ಶೇ 90ರವರೆಗೆ. ಹಾಗೆ ತುಂಬಿದ್ದನ್ನು ನಿಮ್ಮಿಂದ ವಸೂಲು ಮಾಡುವ ಹಕ್ಕನ್ನು ಇಲಾಖೆ ಇಟ್ಟುಕೊಂಡಿದೆ. ಒಪ್ಪಿಗೆಯೆಂದು ನೀವೇ ಸಹಿ ಹಾಕಿರುತ್ತೀರಿ. ಟ್ಯಾಕ್ಸ್ ರೀಫಂಡಿಗೂ ಕೈ ಹಾಕಬಹುದು. ಫೆಡರಲ್ ಸುಸ್ತಿದಾರರ ಪಟ್ಟಿಗೆ ಹೆಸರು ಸೇರಿದರೆ ನಾಳೆ ಎಫ್‌ಎಚ್‌ಎ ಸಾಲಕ್ಕೂ (ಫೆಡರಲ್ ಸರ್ಕಾರದ ವಿಮೆಯಿರುವ ಇನ್ನೊಂದು ಗೃಹಸಾಲ) ತಡೆ.

ನಿಮ್ಮ ಸ್ನೇಹಿತರು ಎರಡು ಸಾಲಗಳನ್ನು ಕಲಸಿರಬೇಕು. ಕಡಿಮೆ ಆದಾಯದವರಿಗೆ ಇಲಾಖೆಯೇ ನೇರವಾಗಿ ಕೊಡುವ ಸಾಲ ಬೇರೆ ಇದೆ. ಅದರಲ್ಲಿ ಕಂತಿಗೆ ಸಬ್ಸಿಡಿ ಉಂಟು, ಬಡ್ಡಿ ಶೇ 1ರವರೆಗೂ ಇಳಿದಂತಾಗುತ್ತದೆ. ಅದೂ ದಾನವಲ್ಲ: ಲಾಭಕ್ಕೆ ಮನೆ ಮಾರಿದರೆ ಸಬ್ಸಿಡಿಯಲ್ಲಿ ಒಂದು ಪಾಲನ್ನು ವಾಪಸ್ ಕೇಳುತ್ತಾರೆ.

ಹಾಗೆಂದು ಗ್ಯಾರಂಟಿ ಲೋನು ಕೆಟ್ಟದ್ದಲ್ಲ. ಆದರೆ ಆರು ತಿಂಗಳ ಕಂತಿನಷ್ಟು ದುಡ್ಡು ಕೈಯಲ್ಲಿಲ್ಲದೆ ಸಹಿ ಹಾಕಬೇಡಿ. ನಿಯಮ ಹಾಗೆ ಕೇಳುವುದಿಲ್ಲ, ನಾನು ಕೇಳುತ್ತೇನೆ. ಕೆಲಸ ಹೋದ ವಾರವೇ, ಕಂತು ತಪ್ಪುವ ಮೊದಲೇ, ಸಾಲದ ಕಂಪನಿಗೆ ಫೋನ್ ಮಾಡಿ. ಮೂರು ತಿಂಗಳು ಅವರ ಕಾಗದ ಒಡೆಯದೆ ಇಟ್ಟುಕೊಂಡು ಆಮೇಲೆ ನನ್ನ ಹತ್ತಿರ ಬಂದವರಿದ್ದಾರೆ. ಅಷ್ಟು ಹೊತ್ತಿಗೆ ನನ್ನಿಂದ ಆಗುವುದು ಕಡಿಮೆ.

ಪ್ರಶ್ನೆ: ಸಾಲ ನನ್ನ ಹೆಸರಲ್ಲಿ ಮಾತ್ರ. ಹೆಂಡತಿಯ ಸಂಬಳ ತೋರಿಸದಿದ್ದರೆ ಆದಾಯ ಮಿತಿಯೊಳಗೆ ಬರುತ್ತೇವೆ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಸಲಹೆ ಕೊಟ್ಟರು.

ಉತ್ತರ: ಆ ಸಲಹೆಗಾರರು ನಿಮ್ಮ ಜೊತೆ ಕೋರ್ಟಿಗೂ ಬರುತ್ತಾರಾ, ಕೇಳಿ. ಸಾಲ ಯಾರ ಹೆಸರಲ್ಲೇ ಇರಲಿ, ಆ ಮನೆಯಲ್ಲಿ ವಾಸಿಸುವ ವಯಸ್ಕರೆಲ್ಲರ ಆದಾಯವನ್ನೂ ಹಿಡಿಯುತ್ತಾರೆ. ಒಟ್ಟು ಆದಾಯ ಆ ಪ್ರದೇಶದ ಮಧ್ಯಕ (ಮೀಡಿಯನ್) ಆದಾಯದ ಶೇ 115 ದಾಟಬಾರದು. ಮುಚ್ಚಿಟ್ಟರೆ ಅದು ಫೆಡರಲ್ ಅಪರಾಧ. ಅದರ ಬದಲು ಡೇಕೇರ್ ರಸೀದಿಗಳನ್ನು ಹುಡುಕಿ. ಸಣ್ಣ ಮಕ್ಕಳ ಆ ಖರ್ಚನ್ನು ಕಾನೂನೇ ಕಳೆಯಲು ಬಿಡುತ್ತದೆ.

ಪ್ರಶ್ನೆ: ಎಚ್-1ಬಿ ವೀಸಾದಲ್ಲಿದ್ದೇವೆ. ಸಿಗುತ್ತದೆಯೆ?

ಉತ್ತರ: ಇಲ್ಲ, ಗ್ರೀನ್ ಕಾರ್ಡ್ ಬರಲಿ. ಎಫ್‌ಎಚ್‌ಎ ಬಾಗಿಲೂ ನಿಮಗೆ 2025ರ ಮೇ 25ರಿಂದ ಮುಚ್ಚಿದೆ.

ಪ್ರಶ್ನೆ: ಟುಲೇರಿ ಪೂರ್ತಿ ಕೃಷಿ ಕೌಂಟಿ ತಾನೆ? ವೈಸೇಲಿಯಾದಲ್ಲೇ ಕೊಳ್ಳಬಹುದಲ್ಲ?

ಉತ್ತರ: ಈ ಸಾಲ ಗ್ರಾಮೀಣ ಪ್ರದೇಶದ ಮನೆಗಳಿಗೆ ಮಾತ್ರ. ಲಕ್ಷಕ್ಕೂ ಹೆಚ್ಚು ಜನರಿರುವ ವೈಸೇಲಿಯಾ ಹಳ್ಳಿಯಲ್ಲ. ನೋಡುವುದು ಕೌಂಟಿಯನ್ನಲ್ಲ, ಮನೆಯ ವಿಳಾಸವನ್ನು. ಇಲಾಖೆಯ ನಕ್ಷೆಯಲ್ಲಿ ವಿಳಾಸ ಹಾಕಿ ನೋಡಿ, ಆಮೇಲೆ ಮನೆಗೆ ಮನಸೋಲಿ.

ಪ್ರಶ್ನೆ: ಕೊಂಡು ಬಾಡಿಗೆಗೆ ಬಿಡೋಣವೆಂದು...

ಉತ್ತರ: ಬೇಡ. ಈ ಸಾಲ ನೀವೇ ವಾಸಿಸುವ ಮನೆಗೆ.

ಪ್ರಶ್ನೆ: ಕಿತ್ತಳೆ ತೋಟದ ಸಮೇತ ಮನೆ ಸಿಗುತ್ತಿದೆ.

ಉತ್ತರ: ಆದಾಯ ತರುವ ತೋಟಕ್ಕೆ ಈ ಸಾಲವಿಲ್ಲ. ಹಿತ್ತಲಲ್ಲಿ ನಾಲ್ಕು ಮರ ಇದ್ದರೆ ಯಾರ ತಕರಾರೂ ಇಲ್ಲ. ಅಂದ ಹಾಗೆ, ಸಾಮಾನಿನ ಜೊತೆ ಕರಿಬೇವಿನ ಕುಂಡ ಹೊತ್ತು ತರಬೇಡಿ. ಕಿತ್ತಳೆ ಮರವನ್ನೇ ಕೊಲ್ಲುವ ರೋಗ ಹರಡುವ ಕೀಟ ಆ ಗಿಡದಲ್ಲೂ ಬದುಕುತ್ತದೆ. ಇಲ್ಲಿ ಅದಕ್ಕೆ ಕ್ವಾರಂಟೈನ್ ಇದೆ.